ಯಾವ ಚೀಲ ಯಾರದು?

ಕಂಪ್ಯೂಟರಿನ ಮೆಮೊರಿಯಲ್ಲಿ ಕಸ ಗುಡಿಸುವವನಿಗೆ ಎಲ್ಲವೂ ಗೊತ್ತಿರುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಏನಿದೆ ಎಂದು ಪೆಟ್ಟಿಗೆಯ ಯಜಮಾನನೇ ಹೇಳಬೇಕು.

ಸುಗ್ಗಿಯ ದಿನಗಳಲ್ಲಿ ಕಾರಟಗಿಯ ರಸ್ತೆಗಳಲ್ಲಿ ನಡೆದು ಹೋಗುವುದೇ ಒಂದು ಸಾಹಸ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರು, ಲಾರಿಗಳು ಒಂದರ ಹಿಂದೊಂದು ನಿಂತಿರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿದ ಮೇಲೆ ಬೆಳೆದು ನಿಂತ ರೈಸ್‌ಮಿಲ್ಲುಗಳು, ಗೋದಾಮುಗಳು ಈ ಊರಿನ ಗುರುತೇ ಆಗಿಬಿಟ್ಟಿವೆ. ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದ ಕಾರಟಗಿ ಈಗ ತಾನೇ ಒಂದು ತಾಲ್ಲೂಕು ಕೇಂದ್ರ.

ಇಲ್ಲಿನ ಒಂದು ದೊಡ್ಡ ಗೋದಾಮನ್ನು ಕಣ್ಣಮುಂದೆ ತಂದುಕೊಳ್ಳಿ. ಸಾವಿರಾರು ಚೀಲಗಳು ಸೂರಿನವರೆಗೆ ಏರಿ ಕುಳಿತಿವೆ. ಕೆಲವು ರೈತರವು, ಕೆಲವು ದಲಾಲಿ ಅಂಗಡಿಯವು, ಕೆಲವು ಮಿಲ್ಲಿನವೇ. ಮಾಲು ಹೋದ ಮೇಲೆ ಉಳಿದ ಹರಕು ಚೀಲ, ತೌಡು, ಹುಳ ಹಿಡಿದ ನುಚ್ಚು, ಯಾರಿಗೂ ಬೇಡವಾದ ಸರಕು ಕೂಡ ಅದೇ ರಾಶಿಯಲ್ಲಿ ಸೇರಿಕೊಂಡಿದೆ. ಎರಡನೇ ಬೆಳೆ ಬರುವ ಮೊದಲು ಜಾಗ ಖಾಲಿ ಮಾಡಬೇಕು. ಗುಮಾಸ್ತ ಏನು ಮಾಡಬೇಕು?

ಒಂದೊಂದೇ ಚೀಲ ಎತ್ತಿ ‘ಇದು ಕಸವೇ?’ ಎಂದು ಕೇಳುತ್ತ ಹೋದರೆ ಕೆಲಸ ಮುಗಿಯುವುದಿಲ್ಲ. ಚೀಲ ತಾನೇ ಬಾಯಿ ಬಿಟ್ಟು ಉತ್ತರ ಹೇಳುವುದಿಲ್ಲವಲ್ಲ! ಅನುಭವಿ ಗುಮಾಸ್ತ ಹೊರಡುವುದು ಇನ್ನೊಂದು ತುದಿಯಿಂದ. ಮೊದಲು ಖಾತೆ ಪುಸ್ತಕ ತೆರೆಯುತ್ತಾನೆ. ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬರ ಚೀಲ ಹುಡುಕಿ ಅದಕ್ಕೆ ಸುಣ್ಣದ ಒಂದು ಗೆರೆ ಎಳೆಯುತ್ತಾನೆ. ಆ ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ‘ಇದರ ಜೊತೆಗೆ ಆ ಮೂಲೆಯ ಹತ್ತು ಚೀಲವೂ ಸೇರಿದೆ’ ಎಂದಿದ್ದರೆ ಆ ಹತ್ತಕ್ಕೂ ಗೆರೆ. ಹೀಗೆ ಚೀಟಿಯಿಂದ ಚೀಟಿಗೆ ಹೋಗಿ ಮುಗಿದ ಮೇಲೆ ಗೆರೆ ಬೀಳದೆ ಉಳಿದ ಚೀಲಗಳನ್ನು ಹಮಾಲರು ಹೊರಗೆ ಹಾಕಿದರಾಯಿತು. ಕಸ ಯಾವುದೆಂದು ಯಾರೂ ಹುಡುಕಲಿಲ್ಲ. ಬೇಕಾದ್ದನ್ನು ಗುರುತು ಮಾಡಿದರು, ಅಷ್ಟೆ.

ಇಂದು ನಮ್ಮ ಮಕ್ಕಳು ಕಲಿಯುತ್ತಿರುವ ಪೈಥಾನ್, ಜಾವಾ, ರೂಬಿ, ಜೂಲಿಯಾ ಮುಂತಾದ ಕಂಪ್ಯೂಟರ್ ಭಾಷೆಗಳ ಬೆನ್ನಹಿಂದೆ ಇಂಥ ಗುಮಾಸ್ತನೊಬ್ಬ ದುಡಿಯುತ್ತಿರುತ್ತಾನೆ. ಅವನ ಹೆಸರು ‘ಗಾರ್ಬೇಜ್ ಕಲೆಕ್ಟರ್’, ಕಸ ಸಂಗ್ರಾಹಕ. ಪ್ರೋಗ್ರಾಂ ಓಡುತ್ತಿರುವಾಗ ಅದರ ಮನೆವಾರ್ತೆ ನೋಡಿಕೊಳ್ಳುವ ವ್ಯವಸ್ಥೆಗೆ ರನ್‌ಟೈಮ್ ಎನ್ನುತ್ತಾರೆ. ಈ ಕಸ ಸಂಗ್ರಾಹಕ ಅದರದೇ ಒಂದು ಭಾಗ.

ಇಳಿದದ್ದು ಲಿಸ್ಪ್‌ನಿಂದ

ಈ ಉಪಾಯ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಜಾನ್ ಮೆಕಾರ್ಥಿ ಲಿಸ್ಪ್ ಎಂಬ ಭಾಷೆಯನ್ನು ವಿವರಿಸಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಇದರ ವಿವರಣೆ ಇದೆ. ಆಗಿನ ಐಬಿಎಂ 704 ಯಂತ್ರದ ಮೆಮೊರಿ ಎಷ್ಟು ಗೊತ್ತೇ? ಹೆಚ್ಚೆಂದರೆ 32,768 ಪದಗಳು. ಇಂದಿನ ಅಗ್ಗದ ಮೊಬೈಲಿನ ಒಂದು ಚಿತ್ರಕ್ಕೂ ಅದು ಸಾಲದು. ಆದ್ದರಿಂದ ಬೇಡವಾದ ಜಾಗವನ್ನು ಮತ್ತೆ ಮತ್ತೆ ಬಳಸಲೇಬೇಕಿತ್ತು. ಪ್ರೋಗ್ರಾಂ ಬರೆಯುವವನು ಪ್ರತಿಯೊಂದು ತುಣುಕಿನ ಲೆಕ್ಕವನ್ನೂ ತಾನೇ ಇಟ್ಟುಕೊಂಡು ‘ಇದು ಮುಗಿಯಿತು, ಅಳಿಸು’ ಎನ್ನುವುದು ಮೆಕಾರ್ಥಿಗೆ ಇಷ್ಟವಿರಲಿಲ್ಲ. ಅವರ ವಿಧಾನದಲ್ಲಿ ಖಾಲಿ ಜಾಗ ಮುಗಿದಾಗ ಯಂತ್ರವೇ ನಿಂತು, ಪ್ರೋಗ್ರಾಮಿಗೆ ನೇರವಾಗಿ ಸಿಗುವ ಕೆಲವು ಮೂಲ ಸ್ಥಾನಗಳಿಂದ ಹೊರಟು, ತಲುಪಿದ ಪ್ರತಿಯೊಂದು ಕೋಶದ ಪ್ಲಸ್ ಚಿಹ್ನೆಯನ್ನು ಮೈನಸ್ ಮಾಡುತ್ತಿತ್ತು. ಆಗಿನ ಸುಣ್ಣದ ಗೆರೆ ಅದೇ. ಆಮೇಲೆ ಇಡೀ ಮೆಮೊರಿಯನ್ನು ಒಂದು ತುದಿಯಿಂದ ನೋಡುತ್ತ ಬಂದು, ಮೈನಸ್ ಇದ್ದುದನ್ನು ಮತ್ತೆ ಪ್ಲಸ್ ಮಾಡಿ ಬಿಟ್ಟು, ಉಳಿದುದನ್ನು ಖಾಲಿ ಜಾಗದ ಪಟ್ಟಿಗೆ ಸೇರಿಸುತ್ತಿತ್ತು. ಆ ಮೂಲ ಸ್ಥಾನಗಳಿಗೆ ಇಂದು ‘ರೂಟ್’, ಅಂದರೆ ಬೇರು, ಎಂದೇ ಹೆಸರು.

ಕಸ ಸಂಗ್ರಹ ಎಂಬ ಮಾತು ಅವರ ಬಳಗದಲ್ಲಿ ಆಗಲೇ ಬಳಕೆಯಲ್ಲಿತ್ತು. ಆದರೆ ಗಂಭೀರ ಪ್ರಬಂಧದಲ್ಲಿ ಅದನ್ನು ಅಚ್ಚು ಹಾಕಿಸಲು ಧೈರ್ಯವಾಗಲಿಲ್ಲವೆಂದು ಮೆಕಾರ್ಥಿ ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ.

ಇನ್ನೊಂದು ಪ್ರಸಂಗವನ್ನೂ ಅವರೇ ಬರೆದಿಟ್ಟಿದ್ದಾರೆ. ಕಂಪನಿಗಳ ಗಣ್ಯರ ಮುಂದೆ ಲಿಸ್ಪ್‌ನ ಪ್ರಾತ್ಯಕ್ಷಿಕೆ ನಡೆದಿತ್ತು. ಸೆಕೆಂಡಿಗೆ ಹತ್ತೇ ಅಕ್ಷರ ಬಡಿಯುವ ಟೈಪ್ ಯಂತ್ರದ ಮೂಲಕ ಉತ್ತರ ಮೂಡಿಬರಬೇಕು. ನಡುವೆ ಮೆಮೊರಿ ಮುಗಿದು ಕಸ ಸಂಗ್ರಾಹಕ ಎದ್ದುಬಿಟ್ಟ. ತನ್ನನ್ನು ಕರೆಯಲಾಗಿದೆ ಎಂದೂ, ಕೆಲವು ಸ್ವಾರಸ್ಯಕರ ಅಂಕಿಅಂಶಗಳು ಹೀಗಿವೆ ಎಂದೂ ಸಾವಕಾಶವಾಗಿ ಟೈಪ್ ಮಾಡತೊಡಗಿದ! ಕಸದ ವಿಷಯ ಸಭಿಕರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಉಳಿದ ಸಮಯವೆಲ್ಲ ಆ ವರದಿಗೇ ಹೋಗುವಂತಿತ್ತು. ಭಾಷಣಕಾರರೂ ಸಭಿಕರೂ ನಕ್ಕು ನಕ್ಕು ಸುಸ್ತಾದರು.

ಬೀಗ ಹಾಕಿದ ಪೆಟ್ಟಿಗೆ

ಇಷ್ಟು ಸುಲಭವಾದರೆ ಕಥೆ ಮುಗಿಯಿತಲ್ಲ ಎನ್ನಬಹುದು. ತೊಡಕು ಬರುವುದು ಚೀಟಿ ಓದುವಲ್ಲಿ.

ಗುಮಾಸ್ತನಿಗೆ ತನ್ನ ಗೋದಾಮಿನ ಚೀಟಿ ಓದಲು ಬರುತ್ತದೆ. ಪೈಥಾನ್ ಪಟ್ಟಿಯೊಳಗೆ ಏನಿದೆ, ಜಾವಾ ವಸ್ತುವಿನ ಯಾವ ಖಾನೆ ಇನ್ನೊಂದು ವಸ್ತುವನ್ನು ತೋರಿಸುತ್ತದೆ ಎಂದು ಆಯಾ ಭಾಷೆಯ ರನ್‌ಟೈಮಿಗೆ ತಿಳಿದಿರುತ್ತದೆ. ಆದರೆ ಇಂದಿನ ಯಾವ ದೊಡ್ಡ ಪ್ರೋಗ್ರಾಮೂ ಒಂದೇ ಭಾಷೆಯಲ್ಲಿ ಇರುವುದಿಲ್ಲ. ವೇಗ ಬೇಕಾದ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಪೈಥಾನಿಗೋ ರೂಬಿಗೋ ಜೋಡಿಸಿರುತ್ತಾರೆ. ಆ ಸಿ ಭಾಗ ಗೋದಾಮಿಗೆ ಬಂದ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಿದ್ದಂತೆ. ಹೊರಗಿನಿಂದ ನೋಡಿದರೆ ಒಂದೇ ಪೆಟ್ಟಿಗೆ. ಒಳಗೆ ಹತ್ತಾರು ಚೀಟಿಗಳಿದ್ದು, ಅವು ಗೋದಾಮಿನ ಹತ್ತಾರು ಚೀಲಗಳನ್ನು ತೋರಿಸುತ್ತಿರಬಹುದು. ಗುಮಾಸ್ತನಿಗೆ ಅದು ಕಾಣುವುದಿಲ್ಲ. ಪೆಟ್ಟಿಗೆಗೆ ಸುಣ್ಣದ ಗೆರೆ ಎಳೆದು ಮುಂದೆ ಹೋಗುತ್ತಾನೆ. ಅದು ತೋರಿಸುವ ಚೀಲಗಳಿಗೆ ಗೆರೆ ಬೀಳುವುದೇ ಇಲ್ಲ. ಸಂಜೆ ಹಮಾಲರು ಅವನ್ನು ಕಸವೆಂದು ಹೊತ್ತು ಹೊರಗೆ ಹಾಕುತ್ತಾರೆ.

ಪರಿಹಾರ ಏನೆಂದರೆ, ಪೆಟ್ಟಿಗೆ ತಂದಿಡುವವನಿಗೆ ಒಂದು ಷರತ್ತು ಹಾಕುವುದು: ‘ನಿನ್ನ ಪೆಟ್ಟಿಗೆ ನನಗೆ ತೆರೆಯಲು ಬರುವುದಿಲ್ಲ. ನಾನು ಗುರುತು ಹಾಕಲು ಬಂದಾಗ ನೀನೇ ತೆರೆದು ಒಳಗಿನ ಚೀಟಿಗಳನ್ನು ಒಂದೊಂದಾಗಿ ಓದಿ ಹೇಳಬೇಕು.’ ಹೀಗೆ ಓದಿ ಹೇಳುವ ಪುಟ್ಟ ಪ್ರೋಗ್ರಾಂ ತುಣುಕಿಗೆ ‘ಮಾರ್ಕ್ ಫಂಕ್ಷನ್’ ಎನ್ನುತ್ತಾರೆ, ಅಂದರೆ ಗುರುತಿನ ವಿಧಿ. ತನ್ನದೇ ಬಗೆಯ ವಸ್ತುವಿಗೆ ತಾನೇ ಬರೆದುಕೊಡುವ ಗುರುತಿನ ವಿಧಿ ಇದು. ಜಪಾನಿನಲ್ಲಿ ಯುಕಿಹಿರೊ ಮಾತ್ಸುಮೊತೊ 1993ರಲ್ಲಿ ಆರಂಭಿಸಿ 1995ರಲ್ಲಿ ಬಿಡುಗಡೆ ಮಾಡಿದ ರೂಬಿಯಲ್ಲಿ ಸಿ ಭಾಗ ಜೋಡಿಸುವವರೆಲ್ಲ ಇಂಥದೊಂದನ್ನು ಬರೆದುಕೊಡಬೇಕು. ಪೈಥಾನಿನಲ್ಲಿ 2000ದ 2.0 ಆವೃತ್ತಿಯಿಂದ ಇದರ ಸಮೀಪದ ನೆಂಟನೊಬ್ಬನಿದ್ದಾನೆ. ಅವನ ವಿಚಾರ ಮುಂದೆ ಬರುತ್ತದೆ, ಏಕೆಂದರೆ ಅವನ ಸ್ವಭಾವ ಕೊಂಚ ವಕ್ರ.

ವಸ್ತುವನ್ನು ‘ಚೀಲ’ ಎಂದೇ ಕರೆದವರು

ಈ ವಿಷಯದ ಬಹು ಸೊಗಸಾದ ಉದಾಹರಣೆ ಗಣಿತದಿಂದ ಬಂದದ್ದು. ಅದರ ಒಂದು ಎಳೆ ಬೆಂಗಳೂರಿಗೂ ತಾಗುತ್ತದೆ.

ಜರ್ಮನಿಯ ಆಖೆನ್ ನಗರದಲ್ಲಿ 1986ರಲ್ಲಿ ‘ಗ್ಯಾಪ್’ ಎಂಬ ತಂತ್ರಾಂಶ ಆರಂಭವಾಯಿತು. ಗಣಿತದಲ್ಲಿ ‘ಗ್ರೂಪ್’ ಅಥವಾ ಸಂಕುಲಗಳೆಂಬ ರಚನೆಗಳ ಲೆಕ್ಕ ಮಾಡುವುದು ಅದರ ಕೆಲಸ. ಜಾತ್ರೆಯಲ್ಲಿ ಮಕ್ಕಳು ಹಟ ಮಾಡಿ ಕೊಳ್ಳುವ ರೂಬಿಕ್ ಘನವನ್ನೇ ತೆಗೆದುಕೊಳ್ಳಿ. ನಡುವಿನ ಆರು ಚೌಕಗಳನ್ನು ಬಿಟ್ಟರೆ ಅದರಲ್ಲಿ ಸರಿದಾಡುವ ಬಣ್ಣದ ಚೌಕಗಳು 48. ಆರು ಮುಖಗಳನ್ನು ತಿರುಗಿಸುವ ಆರು ಕ್ರಿಯೆಗಳನ್ನು ಈ 48ರ ಅದಲುಬದಲಾಗಿ ಬರೆದು ಗ್ಯಾಪ್‌ಗೆ ಕೊಟ್ಟರೆ, ಒಟ್ಟು ಎಷ್ಟು ವಿನ್ಯಾಸಗಳು ಸಾಧ್ಯವೆಂದು ಅದು ಕ್ಷಣದಲ್ಲಿ ಹೇಳುತ್ತದೆ: 4,32,52,00,32,74,48,98,56,000. ಇಪ್ಪತ್ತು ಅಂಕೆಗಳ ಸಂಖ್ಯೆ! ಒಂದೊಂದಾಗಿ ಎಣಿಸಿ ಹೇಳುವುದಲ್ಲ, ಜಾಣತನದ ದಾರಿ ಹಿಡಿದು ಹೇಳುವುದು. ಆ ದಾರಿಯಲ್ಲಿ ಅದಲುಬದಲಿನ ಎಷ್ಟೋ ಮಧ್ಯಂತರ ಪಟ್ಟಿಗಳು ಹುಟ್ಟುತ್ತವೆ, ಕೆಲಸ ಮುಗಿದೊಡನೆ ಕಸವಾಗುತ್ತವೆ. ದೊಡ್ಡ ಲೆಕ್ಕಗಳಲ್ಲಿ ಈ ಕಸ ಬೆಟ್ಟದಷ್ಟಾಗುತ್ತದೆ. ಆದ್ದರಿಂದ ಗ್ಯಾಪ್ ಕಟ್ಟಿದವರು ‘ಗ್ಯಾಸ್ಮನ್’ ಎಂಬ ತಮ್ಮದೇ ಕಸ ಸಂಗ್ರಾಹಕನನ್ನು ಇಟ್ಟುಕೊಂಡರು.

ಕಾರಟಗಿಯವರಿಗೆ ಮೆಚ್ಚುಗೆಯಾಗುವ ಸಂಗತಿಯೆಂದರೆ, ಗ್ಯಾಸ್ಮನ್ ಭಾಷೆಯಲ್ಲಿ ಮೆಮೊರಿಯ ಒಂದೊಂದು ವಸ್ತುವಿಗೂ ಹೆಸರು ‘ಬ್ಯಾಗ್’. ಚೀಲವೇ! ಚೀಲಗಳಲ್ಲಿ ಬಗೆಬಗೆ. ಪ್ರತಿ ಬಗೆಗೂ ಅದರ ಗುರುತಿನ ವಿಧಿಯನ್ನು ಮೊದಲೇ ನೋಂದಾಯಿಸಿರಬೇಕು. ಅಕ್ಷರಗಳಷ್ಟೇ ತುಂಬಿದ ಚೀಲವಾದರೆ ಅದರ ವಿಧಿ ‘ಒಳಗೆ ಬೇರೆ ಚೀಲಗಳಿಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಪಟ್ಟಿಯ ಚೀಲವಾದರೆ ‘ಒಳಗಿರುವುದೆಲ್ಲ ಚೀಟಿಗಳೇ, ಎಲ್ಲವನ್ನೂ ನೋಡು’ ಎನ್ನುತ್ತದೆ. ಮೊದಲ ಒಂದೆರಡು ಖಾನೆಗಳಲ್ಲಿ ಮಾತ್ರ ಚೀಟಿಯಿದ್ದು ಉಳಿದದ್ದು ಬರೀ ಅಂಕೆಯಾದರೆ ಅದಕ್ಕೂ ಪ್ರತ್ಯೇಕ ವಿಧಿಯಿದೆ. ಸಣ್ಣ ಪೂರ್ಣಾಂಕಗಳಿಗೆ ಚೀಲದ ಗೊಡವೆಯೇ ಇಲ್ಲ; ಚೀಟಿಯ ಮೇಲೇ ಅಂಕೆ ಬರೆದಿರುತ್ತದೆ. ಗುರುತು ಹಾಕುವವನು ಅಂಥ ಚೀಟಿಯನ್ನು ಚೀಲದ ವಿಳಾಸವೆಂದು ತಪ್ಪಾಗಿ ಓದಬಾರದು. ಒಂದು ಬಗೆಯ ಒಳಗುಟ್ಟು ಆ ಬಗೆಯನ್ನು ಕಟ್ಟಿದವನಿಗಷ್ಟೇ ಗೊತ್ತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ವಿನ್ಯಾಸ ಅಪರೂಪ.

ಇನ್ನು ಬೆಂಗಳೂರಿನ ಎಳೆ. 2012ರ ಫೆಬ್ರುವರಿಯಲ್ಲಿ ‘ಜೂಲಿಯಾ’ ಎಂಬ ಹೊಸ ಭಾಷೆ ಜಗತ್ತಿನ ಮುಂದೆ ಬಂತು. ಅದನ್ನು ಕಟ್ಟಿದ ನಾಲ್ವರು ಜೆಫ್ ಬೆಜಾನ್ಸನ್, ಸ್ಟೀಫನ್ ಕಾರ್ಪಿನ್ಸ್ಕಿ, ಅಲನ್ ಎಡೆಲ್ಮನ್ ಮತ್ತು ವಿರಲ್ ಶಾ. ಇವರಲ್ಲಿ ವಿರಲ್ ಶಾ ಬೆಂಗಳೂರಿನಲ್ಲಿ ಆಧಾರ್ ಯೋಜನೆಯಲ್ಲಿ ದುಡಿದವರು; ನಂದನ್ ನಿಲೇಕಣಿಯವರ ಜೊತೆಗೂಡಿ 2015ರಲ್ಲಿ ‘ರೀಬೂಟಿಂಗ್ ಇಂಡಿಯಾ’ ಎಂಬ ಪುಸ್ತಕ ಬರೆದವರು. ವಿಜ್ಞಾನಿಗಳಿಗೆ ಬರೆಯಲು ಸುಲಭವಾಗಿರಬೇಕು, ಓಟದಲ್ಲಿ ಸಿ ಭಾಷೆಗೆ ಸಾಟಿಯಾಗಿರಬೇಕು ಎಂಬುದು ಈ ನಾಲ್ವರ ಹಂಬಲ. 2018ರ ಆಗಸ್ಟ್‌ನಲ್ಲಿ ಅದರ 1.0 ಆವೃತ್ತಿ ಹೊರಬಂತು. ಮರುವರ್ಷ ಬೆಜಾನ್ಸನ್, ಕಾರ್ಪಿನ್ಸ್ಕಿ ಮತ್ತು ಶಾ ಅವರಿಗೆ ಗಣನ ತಂತ್ರಾಂಶಕ್ಕೆ ಕೊಡುವ ಜೇಮ್ಸ್ ವಿಲ್ಕಿನ್ಸನ್ ಪ್ರಶಸ್ತಿ ಸಂದಿತು.

ಇದೇ ಹೊತ್ತಿಗೆ ಜರ್ಮನಿಯ ಗಣಿತಜ್ಞರು ‘ಆಸ್ಕರ್’ ಎಂಬ ದೊಡ್ಡ ಯೋಜನೆ ಕೈಗೆತ್ತಿಕೊಂಡಿದ್ದರು. ಗ್ಯಾಪ್, ಸಿಂಗ್ಯುಲರ್, ಪಾಲಿಮೇಕ್ ಮುಂತಾದ ಹಳೆಯ ಗಣಿತ ತಂತ್ರಾಂಶಗಳನ್ನು ಜೂಲಿಯಾ ಎಂಬ ಒಂದೇ ಸೂರಿನಡಿ ತರುವುದು ಅದರ ಗುರಿ. ಗ್ಯಾಪ್‌ನ ಗ್ರೂಪನ್ನು ಜೂಲಿಯಾ ಬಳಸಬೇಕು, ಜೂಲಿಯಾದ ವಸ್ತುವನ್ನು ಗ್ಯಾಪ್ ಹಿಡಿದುಕೊಳ್ಳಬೇಕು. ಅಲ್ಲಿಗೆ ಇಬ್ಬರು ಗುಮಾಸ್ತರಾದರು. ಒಂದೇ ಅಂಗಳದಲ್ಲಿ ಎರಡು ಗೋದಾಮು, ಎರಡು ಖಾತೆ ಪುಸ್ತಕ.

ಇಬ್ಬರಿದ್ದರೆ ಏನಾಯಿತು? ಮೊದಲ ಗೋದಾಮಿನ ಒಂದು ಚೀಲದ ಚೀಟಿ ಎರಡನೆಯ ಗೋದಾಮಿನ ಚೀಲವನ್ನು ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆ ಎರಡನೆಯ ಚೀಲದ ಚೀಟಿ ಮೊದಲಿನದನ್ನೇ ತೋರಿಸುತ್ತದೆ. ಇವೆರಡನ್ನೂ ಕೇಳುವವರು ಹೊರಗೆ ಯಾರೂ ಇಲ್ಲ. ಆದರೂ ಮೊದಲ ಗುಮಾಸ್ತ ‘ಇದು ಪಕ್ಕದವರಿಗೆ ಬೇಕಾಗಿದೆ’ ಎಂದು ಇಟ್ಟುಕೊಳ್ಳುತ್ತಾನೆ. ಎರಡನೆಯವನೂ ಅದೇ ಮಾತು ಹೇಳುತ್ತಾನೆ. ಎರಡೂ ಕಸವೇ, ಆದರೆ ಎರಡೂ ಹೊರಗೆ ಹೋಗುವುದಿಲ್ಲ. ಪಾಲು ಹಂಚಿಕೊಂಡ ಅಣ್ಣತಮ್ಮಂದಿರ ನಡುವೆ ಯಾರೂ ಕೀಳದ ಬೇಲಿಯ ಹಾಗೆ! ಇಂಥ ಸುತ್ತುಗಳು ಸೇರುತ್ತ ಸೇರುತ್ತ ದಿನಗಟ್ಟಲೆ ನಡೆಯುವ ಲೆಕ್ಕದ ಮೆಮೊರಿ ತುಂಬಿ ಪ್ರೋಗ್ರಾಂ ಸತ್ತು ಬೀಳುತ್ತದೆ.

ಆದ್ದರಿಂದ ಗ್ಯಾಸ್ಮನ್‌ಗೆ ರಜೆ ಕೊಟ್ಟು, ಗ್ಯಾಪ್‌ನ ಚೀಲಗಳನ್ನೂ ಜೂಲಿಯಾದ ಸಂಗ್ರಾಹಕನೇ ನೋಡಿಕೊಳ್ಳುವಂತೆ ಮಾಡುವ ಕೆಲಸ 2018ರಲ್ಲಿ ನಡೆಯಿತು. ಅದಕ್ಕಾಗಿ ಜೂಲಿಯಾದ ರನ್‌ಟೈಮಿನಲ್ಲಿ ಪರಕೀಯ ವಸ್ತುಗಳಿಗೆ ಒಂದು ಬಾಗಿಲು ತೆರೆಯಲಾಯಿತು. ಹೊರಗಿನವರು ತಮ್ಮದೇ ಬಗೆಯ ವಸ್ತುವನ್ನು ನೋಂದಾಯಿಸಬಹುದು. ಆದರೆ ಅದರ ಜೊತೆ ಎರಡು ವಿಧಿಗಳನ್ನು ಒಪ್ಪಿಸಬೇಕು. ಒಂದು ಗುರುತಿನ ವಿಧಿ. ಇನ್ನೊಂದು, ವಸ್ತು ಕಸವಾದಾಗ ಅದು ಹೊರಗೆ ಎಲ್ಲಾದರೂ ಹಿಡಿದಿಟ್ಟ ಜಾಗವನ್ನು ಬಿಟ್ಟುಕೊಡುವ ವಿಧಿ. ಗ್ಯಾಪ್‌ನ ಬಳಿ ಬಗೆಬಗೆಯ ಚೀಲಗಳ ಗುರುತಿನ ವಿಧಿಗಳು ಮೊದಲೇ ಸಿದ್ಧವಾಗಿದ್ದವಲ್ಲ! ಹಳೆಯ ಮನೆಯ ಶಿಸ್ತು ಹೊಸ ಮನೆಯಲ್ಲಿ ನೆರವಿಗೆ ಬಂತು. ಆಸ್ಕರ್‌ನ 1.0 ಆವೃತ್ತಿ 2024ರಲ್ಲಿ ಹೊರಬಂದಿದೆ.

ಹೊಸ ಚೀಲ, ಹಳೆಯ ಚೀಲ

ಜೂಲಿಯಾದ ಗುರುತಿನ ವಿಧಿಯಲ್ಲಿ ಒಂದು ಸೂಕ್ಷ್ಮವಿದೆ. ಅದು ತನ್ನೊಳಗಿನ ವಸ್ತುಗಳನ್ನು ಹೆಸರಿಸಿದರಷ್ಟೇ ಸಾಲದು, ಅವುಗಳಲ್ಲಿ ‘ಎಳೆಯವು’ ಎಷ್ಟು ಎಂಬ ಸಂಖ್ಯೆಯನ್ನೂ ಹಿಂದಿರುಗಿಸಬೇಕು. ಇದೇಕೆ?

ಗೋದಾಮಿನ ಅನುಭವ ಇಲ್ಲೂ ನಿಜ. ನಿನ್ನೆ ಮೊನ್ನೆ ಬಂದ ಮಾಲೇ ಬೇಗ ಹೋಗುವುದು. ಹಿಂದಿನ ಗೋಡೆಗೆ ಒರಗಿ ವರ್ಷ ಕಳೆದ ಚೀಲ ನಾಳೆಯೂ ಅಲ್ಲೇ ಇರುತ್ತದೆ. ಮೆಮೊರಿಯಲ್ಲೂ ಬಹುಪಾಲು ವಸ್ತುಗಳು ಹುಟ್ಟಿದ ಕ್ಷಣದಲ್ಲೇ ಕಸವಾಗುತ್ತವೆ, ಬದುಕಿ ಉಳಿದವು ಬಹುಕಾಲ ಬಾಳುತ್ತವೆ. ಹಾಗಾಗಿ ಜಾಣ ಸಂಗ್ರಾಹಕ ಪ್ರತಿದಿನ ಹೊಸ ಚೀಲಗಳನ್ನಷ್ಟೇ ನೋಡುತ್ತಾನೆ, ಹಳೆಯವನ್ನು ಅಪರೂಪಕ್ಕೊಮ್ಮೆ. ಆದರೆ ಹಳೆಯ ಚೀಲವೊಂದರ ಚೀಟಿಯಲ್ಲಿ ಇಂದು ಬಂದ ಹೊಸ ಚೀಲದ ಹೆಸರು ಸೇರಿಕೊಂಡಿದ್ದರೆ? ಹಳೆಯದನ್ನು ನೋಡದೆ ಬಿಟ್ಟರೆ ಹೊಸದಕ್ಕೆ ಗುರುತು ಬೀಳುವುದಿಲ್ಲ. ಆದ್ದರಿಂದ ಹಳೆಯದರೊಳಗೆ ಹೊಸದರ ಹೆಸರು ಬರೆದಾಗಲೆಲ್ಲ ಗುಮಾಸ್ತನಿಗೆ ಒಂದು ಮಾತು ತಿಳಿಸಬೇಕು. ಇದಕ್ಕೆ ‘ರೈಟ್ ಬ್ಯಾರಿಯರ್’ ಎನ್ನುತ್ತಾರೆ. ಪರಕೀಯ ವಸ್ತುವಿನ ಒಡೆಯನಿಗೆ ಹೀಗೆ ಎರಡು ಋಣ: ಕೇಳಿದಾಗ ಎಲ್ಲವನ್ನೂ ಹೇಳುವುದು, ಬದಲಾದಾಗ ಕೇಳದೆಯೂ ಹೇಳುವುದು.

ರೂಬಿಯವರು ಈ ಬದಲಾವಣೆಗೆ ಕೈಹಾಕಿದಾಗ ದೊಡ್ಡ ಇಕ್ಕಟ್ಟು ಎದುರಾಯಿತು. ಜಗತ್ತಿನಾದ್ಯಂತ ಜನ ಬರೆದಿಟ್ಟ ಸಿ ಭಾಗಗಳಲ್ಲಿ ಈ ಎರಡನೆಯ ಋಣದ ಸುಳಿವೇ ಇರಲಿಲ್ಲ. ಎಲ್ಲರೂ ತಿದ್ದಿಕೊಳ್ಳಿ ಎಂದರೆ ಯಾರು ಕೇಳುತ್ತಾರೆ? ಕೊಯಿಚಿ ಸಸಾದ ಅವರು 2013ರ ಕೊನೆಗೆ ಬಂದ ರೂಬಿ 2.1ರಲ್ಲಿ ಇದಕ್ಕೊಂದು ಸಂಸಾರಸ್ಥರ ಉಪಾಯ ಮಾಡಿದರು. ತಿಳಿಸುತ್ತೇನೆಂದು ಮಾತು ಕೊಟ್ಟ ವಸ್ತುಗಳಿಗೆ ಮಾತ್ರ ‘ಹಳೆಯದು’ ಎಂಬ ಪಟ್ಟ. ಮಾತು ಕೊಡದವು ಎಷ್ಟು ಕಾಲ ಬಾಳಿದರೂ ಹಳೆಯವಾಗುವುದಿಲ್ಲ. ಅವುಗಳ ಪರೀಕ್ಷೆ ತಪ್ಪುವುದೇ ಇಲ್ಲ. ಹಳೆಯ ಪ್ರೋಗ್ರಾಮುಗಳೂ ನಡೆದವು, ಹೊಸ ವೇಗವೂ ಬಂತು.

ಒಂದು ಹೆಸರು ಬಿಟ್ಟುಹೋದರೆ

ಈ ಕಸುಬಿನ ನಿಜವಾದ ಅಪಾಯ ಇಲ್ಲಿದೆ. ಬೇಡದ ಚೀಲಕ್ಕೆ ಗುರುತು ಹಾಕಿದರೆ ಒಂದಿಷ್ಟು ಜಾಗ ದಂಡವಾಗುತ್ತದೆ, ಅಷ್ಟೇ. ಬೇಕಾದ ಚೀಲಕ್ಕೆ ಗುರುತು ತಪ್ಪಿದರೆ ಯಾರದೋ ಬಿತ್ತನೆ ಭತ್ತ ಬೀದಿಗೆ ಬಿದ್ದಂತೆ. ಎರಡೂ ತಪ್ಪೇ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದನ್ನು ಅರಿತ ಕೆಲವರು ಸಂದೇಹ ಬಂದಲ್ಲಿ ಗುರುತು ಹಾಕಿಬಿಡುವ ಮಾರ್ಗ ಹಿಡಿದಿದ್ದಾರೆ. ಹಾನ್ಸ್ ಬೋಮ್ ಮತ್ತು ಮಾರ್ಕ್ ವೈಸರ್ 1988ರಲ್ಲಿ ಪ್ರಕಟಿಸಿದ ವಿಧಾನ ಅದು. ಸಿ ಭಾಷೆ ಯಾವ ಖಾನೆಯಲ್ಲಿ ವಿಳಾಸವಿದೆ, ಯಾವುದರಲ್ಲಿ ಬರೀ ಅಂಕೆಯಿದೆ ಎಂದು ಹೇಳುವುದಿಲ್ಲ. ಹಾಗಿದ್ದರೆ ವಿಳಾಸದಂತೆ ಕಾಣುವ ಪ್ರತಿಯೊಂದು ಅಂಕೆಯನ್ನೂ ವಿಳಾಸವೆಂದೇ ಭಾವಿಸಿದರಾಯಿತು. ಯಾರದೋ ಲೆಕ್ಕದ ಮೊತ್ತ ಕಾಕತಾಳೀಯವಾಗಿ ಒಂದು ಕಸದ ಚೀಲದ ವಿಳಾಸಕ್ಕೆ ಹೊಂದಿದರೆ ಆ ಕಸ ಇನ್ನಷ್ಟು ದಿನ ಇರುತ್ತದೆ, ಇರಲಿ. ಜೂಲಿಯಾದ ಸೂರಿನಡಿ ಬಂದ ಗ್ಯಾಪ್ ಕೂಡ ತನ್ನ ಸಿ ಭಾಗಗಳ ತಾತ್ಕಾಲಿಕ ಲೆಕ್ಕಗಳನ್ನು ಹೀಗೆಯೇ ನೋಡಿಸಿಕೊಳ್ಳುತ್ತದೆ. ಚೀಲದೊಳಗಿನದಕ್ಕೆ ಖಚಿತ ವಿಧಿ, ಕೈಯಲ್ಲಿ ಹಿಡಿದುಕೊಂಡು ಓಡಾಡುವುದಕ್ಕೆ ಅಂದಾಜು.

ಗುರುತು ತಪ್ಪಿದಾಗ ಆಗುವ ಅನಾಹುತದ ಬಗೆ ವಿಚಿತ್ರ. ಒಬ್ಬ ವಿದ್ಯಾರ್ಥಿ ಮಿಲ್ಲಿನ ತೂಕದ ಲೆಕ್ಕಕ್ಕೆ ರೂಬಿಯಲ್ಲಿ ಒಂದು ಪ್ರೋಗ್ರಾಂ ಮಾಡಿ, ವೇಗಕ್ಕಾಗಿ ಒಂದು ಭಾಗವನ್ನು ಸಿ ಭಾಷೆಯಲ್ಲಿ ಬರೆದ ಎಂದಿಟ್ಟುಕೊಳ್ಳಿ. ಆ ಭಾಗ ರೈತನ ಹೆಸರು, ಚೀಲದ ಸಂಖ್ಯೆ, ದರ ಹೀಗೆ ಮೂರು ರೂಬಿ ವಸ್ತುಗಳನ್ನು ಹಿಡಿದುಕೊಂಡಿದೆ. ಗುರುತಿನ ವಿಧಿಯಲ್ಲಿ ಎರಡನ್ನು ಬರೆದು ರೈತನ ಹೆಸರನ್ನು ಮರೆತ. ಹತ್ತು ಪಟ್ಟಿಗಳ ಪರೀಕ್ಷೆಯಲ್ಲಿ ಏನೂ ಆಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಕಸ ಗುಡಿಸುವ ಪ್ರಸಂಗವೇ ಬಂದಿರುವುದಿಲ್ಲ. ಸುಗ್ಗಿ ಬಂದು ಸಾವಿರಾರು ಪಟ್ಟಿಗಳಾದ ಮೇಲೆ ಒಂದು ಮಧ್ಯಾಹ್ನ ಸಂಗ್ರಾಹಕ ಏಳುತ್ತಾನೆ. ಗುರುತಿಲ್ಲದ ಆ ಹೆಸರಿನ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ಇನ್ಯಾರದೋ ಹೆಸರು ಬಂದು ಕೂರುತ್ತದೆ. ಪ್ರೋಗ್ರಾಂ ಅಲ್ಲೇ ಮುರಿದು ಬಿದ್ದರೆ ಅದೃಷ್ಟ! ಮುರಿಯದೆ ನಡೆದರೆ ಒಬ್ಬರ ದುಡ್ಡು ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಗುತ್ತದೆ. ತಪ್ಪು ಮಾಡಿದ ಸಾಲು ಒಂದು ಕಡೆ, ತಪ್ಪು ಕಂಡ ಸಾಲು ಇನ್ನೆಲ್ಲೋ, ನಡುವೆ ವಾರಗಳ ಅಂತರ. ಮತ್ತೆ ಓಡಿಸಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಇಂಥ ದೋಷ ಹುಡುಕಿ ನಿದ್ದೆಗೆಟ್ಟವರು ಈ ವೃತ್ತಿಯಲ್ಲಿ ಕಡಿಮೆಯಿಲ್ಲ.

ಇದಕ್ಕೆ ಮದ್ದೂ ಇದೆ. ರೂಬಿಯಲ್ಲಿ ‘ಜಿಸಿ ಸ್ಟ್ರೆಸ್’ ಎಂಬ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಹೊಸ ವಸ್ತು ಹುಟ್ಟುವ ಪ್ರತಿಯೊಂದು ಸಂದರ್ಭದಲ್ಲೂ ಸಂಗ್ರಾಹಕ ಗುಡಿಸಲು ಬರುತ್ತಾನೆ. ಪ್ರೋಗ್ರಾಂ ಆಮೆಯಂತೆ ತೆವಳುತ್ತದೆ, ನಿಜ. ಆದರೆ ಮರೆತ ಹೆಸರು ಸುಗ್ಗಿಯವರೆಗೆ ಕಾಯದೆ ಪರೀಕ್ಷೆಯ ಮೇಜಿನ ಮೇಲೇ ಸಿಕ್ಕಿಬೀಳುತ್ತದೆ. ಸಿ ಭಾಗ ಬರೆಯುವವರು ಇದನ್ನು ಒಮ್ಮೆಯೂ ಒತ್ತದೆ ಕೆಲಸ ಒಪ್ಪಿಸುವುದು ಬೇಜವಾಬ್ದಾರಿ.

ವಕ್ರ ನೆಂಟ

ಪೈಥಾನಿನ ವಿಚಾರ ಬಾಕಿ ಇದೆ. ಇಲ್ಲಿ ಲೆಕ್ಕದ ಪದ್ಧತಿಯೇ ಬೇರೆ. ಪ್ರತಿ ವಸ್ತುವಿನ ಮೇಲೂ ತನ್ನನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆ ಬರೆದಿರುತ್ತದೆ. ಎಣಿಕೆ ಸೊನ್ನೆಯಾದ ಕ್ಷಣದಲ್ಲಿ ವಸ್ತು ಕಸ. 1960ರಲ್ಲೇ ಜಾರ್ಜ್ ಕಾಲಿನ್ಸ್ ಸೂಚಿಸಿದ ಹಾದಿ ಇದು. ಆದರೆ ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡು ಕುಳಿತರೆ ಎಣಿಕೆ ಎಂದೂ ಸೊನ್ನೆಯಾಗುವುದಿಲ್ಲ. ಅಂಥ ಸುತ್ತು ಹುಡುಕಲು 2.0ರಲ್ಲಿ ಎರಡನೆಯ ಸಂಗ್ರಾಹಕನನ್ನು ನೇಮಿಸಿದರು. ಅವನು ಪ್ರತಿ ವಸ್ತುವನ್ನೂ ‘ನೀನು ಯಾರನ್ನು ಹಿಡಿದಿದ್ದೀಯೆ?’ ಎಂದು ಕೇಳಿ, ಹಾಗೆ ಹಿಡಿಸಿಕೊಂಡವರ ಎಣಿಕೆಯ ಪ್ರತಿಯಿಂದ ಒಂದೊಂದು ಕಳೆಯುತ್ತಾನೆ. ಕಳೆದ ಮೇಲೂ ಎಣಿಕೆ ಉಳಿದರೆ ಹೊರಗಿನವರಾರೋ ಹಿಡಿದಿದ್ದಾರೆ ಎಂದರ್ಥ. ಆ ವಸ್ತುವೂ ಅದು ಹಿಡಿದವೂ ಬದುಕುತ್ತವೆ.

ಇಲ್ಲಿ ಸಿ ಭಾಗ ಬರೆಯುವವನು ಒಂದು ಹೆಸರನ್ನು ಹೇಳಲು ಮರೆತರೆ ಏನಾಗುತ್ತದೆ? ಕಳೆಯಬೇಕಾದ ಒಂದು ಕಳೆಯುವುದಿಲ್ಲ. ಯಾರೋ ಹೊರಗಿನವರು ಹಿಡಿದಿದ್ದಾರೆಂದು ಭಾವಿಸಿ ಸಂಗ್ರಾಹಕ ಸುಮ್ಮನಾಗುತ್ತಾನೆ. ಕಸ ಉಳಿಯುತ್ತದೆ, ಜೀವ ಹೋಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ತನ್ನದಲ್ಲದ್ದನ್ನು ತನ್ನದೆಂದು ಹೇಳಿದರೆ ಎಣಿಕೆ ಹೆಚ್ಚು ಕಳೆದು ಬದುಕಿರುವ ವಸ್ತು ಕಸದಂತೆ ಕಂಡುಬಿಡುತ್ತದೆ. ರೂಬಿ, ಜೂಲಿಯಾಗಳಲ್ಲಿ ಮರೆವು ಮಾರಕ. ಪೈಥಾನಿನಲ್ಲಿ ಬಾಯಿ ಬಡುಕತನ ಮಾರಕ. ಎಲ್ಲ ಭಾಷೆಗಳೂ ಒಂದೇ, ಒಂದು ಕಲಿತರೆ ಸಾಕು ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ಪಾಲಕರಿಗೆ ಒಂದು ಮಾತು

ಮಕ್ಕಳನ್ನು ಗಂಗಾವತಿಗೋ ಹೊಸಪೇಟೆಗೋ ಬಳ್ಳಾರಿಗೋ ಓದಲು ಕಳಿಸುವ ಪಾಲಕರು ‘ಇದರಿಂದ ನೌಕರಿ ಸಿಗುತ್ತದೆಯೇ?’ ಎಂದು ಕೇಳುವುದು ಸಹಜ. ಪೈಥಾನ್ ಕಲಿತವರಿಗೆ ಮೆಮೊರಿಯ ಯೋಚನೆ ಬೇಕಿಲ್ಲ ಎಂದು ಕೋರ್ಸಿನ ಜಾಹೀರಾತುಗಳು ಹೇಳುತ್ತವೆ. ದಿನನಿತ್ಯದ ಕೆಲಸಕ್ಕೆ ಅದು ಬಹುಮಟ್ಟಿಗೆ ಸರಿ. ಆದರೆ ಪೈಥಾನಿನಲ್ಲಿ ವೇಗವಾಗಿ ಓಡುವ ಗಣಿತ, ಚಿತ್ರ, ಕೃತಕ ಬುದ್ಧಿಯ ಗ್ರಂಥಾಲಯಗಳ ಹೊಟ್ಟೆಯಲ್ಲಿರುವುದು ಸಿ, ಸಿ++ ಭಾಗಗಳೇ. ಅವನ್ನು ಬರೆಯುವ, ರಿಪೇರಿ ಮಾಡುವ ಜನ ಬೇಕೇ ಬೇಕು. ನಮ್ಮ ಪಿಯು ಪಠ್ಯದಲ್ಲಿ ಬಹುಕಾಲ ಇದ್ದ ಸಿ++ ಅನ್ನು ಬೈದುಕೊಂಡು ಓದಿದವರಿಗೆ ಕೊನೇಪಕ್ಷ ಜಾಗ ಕೇಳುವುದು ಮತ್ತು ಹಿಂದಿರುಗಿಸುವುದು ಬೇರೆ ಬೇರೆ ಕೆಲಸ ಎಂಬ ಅರಿವಿತ್ತು. ಆ ಅರಿವಿಗಾಗಿ ಒಂದು ರಜೆಯಲ್ಲಿ ಸಿ ಭಾಷೆ ಕಲಿಯುವುದು ದಂಡವಲ್ಲ. ಗ್ಯಾಪ್, ಜೂಲಿಯಾ, ರೂಬಿ, ಪೈಥಾನ್ ಎಲ್ಲವುಗಳ ಒಳಗಿನ ಬರಹವೂ ಮುಕ್ತವಾಗಿದ್ದು, ಓದಲು ಯಾರ ಅಪ್ಪಣೆಯೂ ಬೇಕಿಲ್ಲ, ಶುಲ್ಕವೂ ಇಲ್ಲ.

ಸದ್ಯಕ್ಕೆ ಒಂದು ಪುಟ್ಟ ಪ್ರಯೋಗ. ಕಾಲೇಜಿನ ಕಂಪ್ಯೂಟರಿನಲ್ಲಿ ಪೈಥಾನ್ ತೆರೆದು ‘ಜಿಸಿ’ ಎಂಬ ಭಾಗವನ್ನು ಇಂಪೋರ್ಟ್ ಮಾಡಿ. ಅದರ ‘ಕಲೆಕ್ಟ್’ ಎಂಬ ಆಜ್ಞೆಯನ್ನು ಒಂದೆರಡು ಸಲ ಕೊಟ್ಟು ಮೊದಲಿನ ಕಸ ಗುಡಿಸಿಬಿಡಿ. ಆಮೇಲೆ ಒಂದು ಖಾಲಿ ಪಟ್ಟಿ ಮಾಡಿ, ಆ ಪಟ್ಟಿಯೊಳಕ್ಕೆ ಅದೇ ಪಟ್ಟಿಯನ್ನು ಸೇರಿಸಿ. ಈಗ ಅದು ತನ್ನನ್ನು ತಾನೇ ಹಿಡಿದುಕೊಂಡಿದೆ. ‘ಡೆಲ್’ ಎಂದು ಬರೆದು ಅದರ ಹೆಸರನ್ನು ಅಳಿಸಿ. ಎಣಿಕೆ ಇನ್ನೂ ಒಂದು, ಆದರೆ ಕೇಳುವವರು ಯಾರೂ ಇಲ್ಲ. ಮತ್ತೆ ‘ಕಲೆಕ್ಟ್’ ಆಜ್ಞೆ ಕೊಡಿ. ಸಿಕ್ಕ ಕಸದ ಸಂಖ್ಯೆ ತೆರೆಯ ಮೇಲೆ ಮೂಡುತ್ತದೆ.